ಗಡಿ ಹಣ ಬೀದರಿಗೆ ಯಾಕೆ ಬರಲಿಲ್ಲ?

'ಗಡಿ ಹಳ್ಳಿಗಳಿಗೆ ಕೇಂದ್ರ 4,800 ಕೋಟಿ ಕೊಟ್ಟಿದೆ, ಬೆಳಗಾವಿ, ಬೀದರಿನ ಪಾಲನ್ನು ನುಂಗಿದವರು ಯಾರು?' ಎಂಬ ಮೆಸೇಜ್ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಮೊತ್ತ ನಿಜ. ಪ್ರಶ್ನೆಯೇ ತಪ್ಪು.

2023ರ ಫೆಬ್ರವರಿಯಲ್ಲಿ ಒಪ್ಪಿಗೆ ಪಡೆದ 'ವೈಬ್ರಂಟ್ ವಿಲೇಜಸ್' ಯೋಜನೆಯ ಹಣ ಇದು. ಇಲ್ಲಿ ಗಡಿ ಅಂದ್ರೆ ದೇಶದ ಉತ್ತರದ ಗಡಿ. ಅರುಣಾಚಲ, ಸಿಕ್ಕಿಂ, ಉತ್ತರಾಖಂಡ, ಹಿಮಾಚಲ ಮತ್ತು ಲಡಾಖ್‌ನ 19 ಜಿಲ್ಲೆಗಳ ಹಳ್ಳಿಗಳು ಇದರಲ್ಲಿವೆ. ಕೆಲಸ ಸಿಗದೆ ಜನ ಊರು ಬಿಟ್ಟು ಕೆಳಗಿಳಿಯುತ್ತಿದ್ದಾರೆ, ಅದೇ ಅಲ್ಲಿನ ಚಿಂತೆ. ಹಾಗಾಗಿ 2,500 ಕೋಟಿ ಬರೀ ರಸ್ತೆಗೇ. 2025ರಲ್ಲಿ ಒಪ್ಪಿದ ಎರಡನೇ ಹಂತವೂ ಬೇರೆ ದೇಶಗಳಿಗೆ ತಾಗಿದ ನೆಲದ ಗಡಿಗೆ ಮಾತ್ರ. ಬೀದರ್ ತಾಗುವುದು ಮಹಾರಾಷ್ಟ್ರ, ತೆಲಂಗಾಣಕ್ಕೆ ಅಲ್ವಾ?

ನಮ್ಮ ಗಡಿ ತಾಲ್ಲೂಕುಗಳಿಗೆ ರಾಜ್ಯದ್ದೇ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವಿದೆ, 2010ರ ಕಾಯ್ದೆಯದು. ಬೀದರಿಗೆ ಇದರ ಜೊತೆ ಸಂವಿಧಾನದ 371(ಜೆ) ವಿಧಿಯ ಅಡಿಯ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯೂ ಉಂಟು. ಬೆಳಗಾವಿ ಆ ಮಂಡಳಿಗೆ ಸೇರಿಲ್ಲ. ಇದನ್ನೂ ಜಾಸ್ತಿ ಜನ ಕಲಸಿಕೊಳ್ಳುತ್ತಾರೆ. ಶಾಲೆ ಕೊಠಡಿ, ರಸ್ತೆ ಆಗಿಲ್ಲವೆಂದರೆ ಕೇಳಬೇಕಾದದ್ದು ಇವರನ್ನು. ಸುಮ್ನೆ ಲಡಾಖ್‌ನ ಲೆಕ್ಕ ಹಿಡಿದು ಹೋದರೆ ಅರ್ಜಿ ವಾಪಸ್ ಬರುತ್ತದೆ, ಅಷ್ಟೆ.