ಪಂಚಾಂಗ ನೋಡಿ ಶುರು ಮಾಡಿ ಮಕ್ಕಳ ಆಕಾಶ ವಾರ

ನಾನು ತೀರ್ಥಹಳ್ಳಿ ಕಡೆಯವನು. ಮುಂಬೈಗೆ ಬಂದು ಹದಿನಾರು ವರ್ಷವಾಯಿತು. ಇಲ್ಲಿ ಬೇಸಿಗೆ ರಜೆ ಬಂತೆಂದರೆ ಸಾಕು, ಎಲ್ಲಿ ನೋಡಿದರೂ ಮಕ್ಕಳ ಶಿಬಿರ. ನನ್ನ ಇಬ್ಬರು ಮಕ್ಕಳು ಬಾಹ್ಯಾಕಾಶದ ವಾರಕ್ಕೆ ಎರಡು ವರ್ಷ ಹೋದರು. ಬೆಳಿಗ್ಗೆ ಹತ್ತರಿಂದ ಒಂದು ಗಂಟೆ. ಒಂದು ದಿನ ಬಲೂನಿನ ರಾಕೆಟ್, ಒಂದು ದಿನ ಥರ್ಮಾಕೋಲ್ ಗ್ರಹಗಳು, ಕೊನೆಯ ದಿನ ವರ್ಲಿಯ ನೆಹರೂ ತಾರಾಲಯ. 1977ರಿಂದ ಇರುವ ತಾರಾಲಯ ಅದು. ಅದರ ಗುಮ್ಮಟದ ಕತ್ತಲಲ್ಲಿ ಕೂತು ನಾನೂ ಖುಷಿಪಟ್ಟಿದ್ದೇನೆ.

ಈ ಶಿಬಿರಗಳ ಮೇಲೆ ನನಗೆ ಗೌರವ ಇದೆ. ಸಾಮಾನು ಎಲ್ಲ ಮೊದಲೇ ಜೋಡಿಸಿಟ್ಟಿರುತ್ತಾರೆ. ಐದಾರು ಮಕ್ಕಳಿಗೆ ಒಬ್ಬರು ದೊಡ್ಡವರು ಇರುತ್ತಾರೆ. ಬಾಯಿ ಬಿಡದ ಮಗುವಿಗೂ ಅದರ ಸರದಿ ಬರುತ್ತದೆ. ಇದು ನಮ್ಮ ಊರಲ್ಲಿ ಕಡಿಮೆ. ನಮ್ಮಲ್ಲಿ ತಿಳಿದ ಹಿರಿಯರು ಬೇಕಾದಷ್ಟು ಜನ ಇದ್ದಾರೆ, ಆದರೆ ಮಕ್ಕಳನ್ನು ಕೂರಿಸಿಕೊಂಡು ಹೇಳುವುದಕ್ಕೆ ಅಂತ ಯಾರೂ ಹೊತ್ತು ಎತ್ತಿಡುವುದಿಲ್ಲ.

ಆದರೆ ಒಂದು ಕೊರತೆ ಕಾಡಿತು. ವಾರ ಪೂರ್ತಿ ಆಕಾಶದ ಪಾಠ, ಒಂದು ಸಲವೂ ಮಕ್ಕಳು ಆಕಾಶ ನೋಡಲಿಲ್ಲ. ಅದು ಶಿಬಿರದವರ ತಪ್ಪಲ್ಲ. ಮುಂಬೈಯ ರಾತ್ರಿಯಲ್ಲಿ ಬೆರಳೆಣಿಕೆಯ ನಕ್ಷತ್ರ ಕಂಡರೆ ಹೆಚ್ಚು.

ಹೋದ ಬೇಸಿಗೆಯಲ್ಲಿ ಅದೇ ಯೋಜನೆ ಊರಿಗೆ ತೆಗೆದುಕೊಂಡು ಹೋದೆ. ಬಣ್ಣ, ಥರ್ಮಾಕೋಲ್ ಉಂಡೆ ಎಲ್ಲ ಚೀಲದಲ್ಲಿತ್ತು. ಐದರಿಂದ ಹತ್ತು ವರ್ಷದ ಹನ್ನೊಂದು ಮಕ್ಕಳು ಸೇರಿದರು. ಎರಡೇ ದಿನಕ್ಕೆ ಕೈಕೊಟ್ಟಿತು. ಬೆಳಿಗ್ಗೆ ಹತ್ತಕ್ಕೆ ಮಕ್ಕಳು ಹೊಳೆಗೆ ಹೋಗಬೇಕು, ಮಾವಿನಕಾಯಿ ಕೆಡವಬೇಕು. ರಾತ್ರಿ ನಕ್ಷತ್ರ ತೋರಿಸೋಣ ಅಂದರೆ ಹುಣ್ಣಿಮೆಯ ಬೆಳಕು. ದೊಡ್ಡಪ್ಪ ಗೋಡೆಯ ಮೊಳೆಗೆ ನೇತುಹಾಕಿದ್ದ ಪಂಚಾಂಗ ತೆಗೆದು ನನ್ನ ಕೈಗಿಟ್ಟರು. "ಅಮಾಸೆ ಯಾವತ್ತು ಅಂತ ನೋಡಿಕೊಂಡು ಬರಬೇಕಿತ್ತಲ್ವಾ ಮಗಾ?"

ಈ ವರ್ಷ ಮೊದಲು ತಿಥಿ ನೋಡಿದೆ, ಆಮೇಲೆ ರೈಲಿನ ಟಿಕೆಟ್ ತೆಗೆದೆ. ಮಲೆನಾಡಿನಲ್ಲಿ ಇಂಥ ವಾರ ಮಾಡುವವರಿಗೆ ನಾನು ಹೇಳುವುದೂ ಇದನ್ನೇ. ಅಮಾವಾಸ್ಯೆ ಕಳೆದ ಮೇಲಿನ ಬಿದಿಗೆಯಿಂದ ಅಷ್ಟಮಿಯವರೆಗಿನ ಏಳು ಸಂಜೆ ಹಿಡಿದುಕೊಳ್ಳಿ. ಬಿದಿಗೆಯ ಸಂಜೆ ಏಳು ಕಾಲಿನ ಹೊತ್ತಿಗೆ ಪಶ್ಚಿಮದಲ್ಲಿ ಗೆರೆಯಂಥ ಚಂದ್ರ ಕಾಣುತ್ತಾನೆ. ಅವನು ಬೇಗ ಮುಳುಗುತ್ತಾನೆ, ಆಮೇಲೆ ಕತ್ತಲೆ, ನಕ್ಷತ್ರಗಳಿಗೆ ಬಿಡುವು. ಅಷ್ಟಮಿಯ ಹೊತ್ತಿಗೆ ಅರ್ಧ ಚಂದ್ರ. ಒಂದು ಸಾಧಾರಣ ಬೈನಾಕ್ಯುಲರ್ ಇದ್ದರೆ ಅವನ ಮೈಮೇಲಿನ ಕುಳಿಗಳನ್ನು ನೋಡಲು ಅದೇ ಒಳ್ಳೆಯ ದಿನ. ಹುಣ್ಣಿಮೆಯಲ್ಲಿ ನೆರಳಿಲ್ಲದೆ ಕುಳಿಗಳು ಚಪ್ಪಟೆ ಕಾಣುತ್ತವೆ.

ಜಾಗ ಮಾತ್ರ ಯೋಚಿಸಿ ಆರಿಸಬೇಕು. ತೋಟದಲ್ಲಿ ಅಡಿಕೆ ಮರದ ತಲೆಗಳೇ ಆಕಾಶ ಮುಚ್ಚುತ್ತವೆ, ಅಂಗಳದಲ್ಲಿ ಚಪ್ಪರ ಇರುತ್ತದೆ. ಕೊಯ್ಲು ಮುಗಿದು ಒಣಗಿದ ಗದ್ದೆಬಯಲೇ ಸರಿ. ಹಾವು ಚೇಳಿನ ಭಯ ಇರುವುದರಿಂದ ಹಗಲೇ ಹೋಗಿ ಜಾಗ ಗುಡಿಸಿ, ಚಾಪೆ ಹಾಸಿ, ದೊಡ್ಡವರು ಸುತ್ತ ಕೂತರೆ ಒಳ್ಳೆಯದು. ಸುತ್ತಲಿನ ಮನೆಯವರಿಗೆ ಅರ್ಧ ಗಂಟೆ ಹೊರಗಿನ ದೀಪ ಆರಿಸಿ ಅಂತ ಕೇಳಿಕೊಂಡೆವು. ಎಲ್ಲರೂ ಆರಿಸಿದರು. ನಮ್ಮ ಕಡೆಯೂ ಈಗ ಬೆಳಕು ಜಾಸ್ತಿ ಆಗುತ್ತಿದೆ. ಇರುವ ಕತ್ತಲನ್ನು ಕಾಪಾಡಿಕೊಳ್ಳದಿದ್ದರೆ ನಮ್ಮ ಮಕ್ಕಳೂ ಗುಮ್ಮಟದೊಳಗೇ ನಕ್ಷತ್ರ ನೋಡಬೇಕಾಗುತ್ತದೆ.

ಆ ವಾರದಲ್ಲಿ ನನಗೆ ತುಂಬಾ ಇಷ್ಟವಾದದ್ದು ಮಳೆ ನಕ್ಷತ್ರದ ಸಂಜೆ. ಭರಣಿ ಮಳೆ, ಮೃಗಶಿರಾ ಮಳೆ, ಆರಿದ್ರಾ ಮಳೆ ಅಂತ ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಭರಣಿ ಮಳೆ ಬಂದರೆ ಧರಣಿ ಬೆಳೆ ಅನ್ನುವ ಗಾದೆ ಮಕ್ಕಳಿಗೂ ಗೊತ್ತಿತ್ತು. ಆದರೆ ಅದು ಮೇಲಿರುವ ಒಂದು ನಕ್ಷತ್ರದ ಹೆಸರು ಅಂತ ಗೊತ್ತಿರಲಿಲ್ಲ. ಪಶ್ಚಿಮದಲ್ಲಿ ಕೆಂಪಗೆ ಮಿನುಗುವ ಆರಿದ್ರಾ ತೋರಿಸಿದೆವು. ದೊಡ್ಡಪ್ಪ ಕೇಳಿದರು, "ಆರಿದ್ರಾ ಮಳೆ ಹೊಡೀವಾಗ ಈ ನಕ್ಷತ್ರ ಎಲ್ಲಿರ್ತದೆ ಹೇಳಿ ನೋಡುವ." ಮೋಡದ ಹಿಂದೆ ಅಂದಳು ಒಬ್ಬಳು. ಅಲ್ಲ, ಸೂರ್ಯನ ಹಿಂದೆ. ಜೂನ್ 22ರ ಸುಮಾರಿಗೆ ಸೂರ್ಯ ಆ ನಕ್ಷತ್ರದ ಜಾಗಕ್ಕೆ ಬರುತ್ತಾನೆ. ಅದಕ್ಕೇ ಆ ಮಳೆಗೆ ಆ ಹೆಸರು. ಆಗ ಹಗಲಲ್ಲಿ ಹುಟ್ಟಿ ಹಗಲಲ್ಲೇ ಮುಳುಗುವ ಆರಿದ್ರಾ ಕಣ್ಣಿಗೆ ಬೀಳುವುದೇ ಇಲ್ಲ.

ಇಪ್ಪತ್ತೇಳು ನಕ್ಷತ್ರ ಸುತ್ತಿ ಬರಲು ಸೂರ್ಯನಿಗೆ ಒಂದು ವರ್ಷ ಬೇಕು. ಒಂದೊಂದರ ಹತ್ತಿರ ಹದಿಮೂರು, ಹದಿನಾಲ್ಕು ದಿನ ಇರುತ್ತಾನೆ. ಚಂದ್ರ ಹೆಚ್ಚುಕಡಿಮೆ ದಿನಕ್ಕೊಂದು ದಾಟುತ್ತಾನೆ. ಮಕ್ಕಳು ಅದನ್ನು ದಿನಾ ಸಂಜೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಇವತ್ತು ರೋಹಿಣಿ ಹತ್ತಿರ, ನಾಳೆ ಮೃಗಶಿರ ಹತ್ತಿರ. ಆರು ವರ್ಷದ ಮಗುವಿಗೂ ಇದು ಅರ್ಥವಾಯಿತು, ಯಾಕಂದರೆ ಕಣ್ಣೆದುರೇ ನಡೆಯುತ್ತಿತ್ತು. ಮುಂಬೈಯ ನನ್ನ ಮರಾಠಿ ನೆರೆಯವರ ಊರಲ್ಲೂ ಮೃಗ ನಕ್ಷತ್ರ ಬಂದರೆ ಬಿತ್ತನೆಯ ಮಾತು. ಇಂಥ ತಿಳಿವಳಿಕೆ ಎರಡೂ ಕಡೆ ಹಿರಿಯರ ಬಾಯಲ್ಲಿ ಇದೆ. ಎರಡೂ ಕಡೆ ಮಕ್ಕಳ ಪಾಠಕ್ಕೆ ಬಂದಿಲ್ಲ.

ಹಗಲಿನದು ಚಿಕ್ಕದಾಗಿರಲಿ, ಮುಕ್ಕಾಲು ಗಂಟೆ ಸಾಕು. ಥರ್ಮಾಕೋಲ್ ಉಂಡೆಗಳಲ್ಲಿ ಎಲ್ಲ ಗ್ರಹವೂ ಒಂದೇ ಗಾತ್ರ, ಎಲ್ಲವೂ ಗೇಣು ದೂರ. ನಾವು ಅಡುಗೆಮನೆಯಿಂದ ಭೂಮಿ ತಂದೆವು, ಒಂದು ಕಾಳುಮೆಣಸು. ಚಂದ್ರ ಸಾಸಿವೆ, ಭೂಮಿಯಿಂದ ಸುಮಾರು 15 ಸೆಂಟಿಮೀಟರ್. ಆ ಲೆಕ್ಕದಲ್ಲಿ ಸೂರ್ಯ ಅರ್ಧ ಮೀಟರಿಗಿಂತ ಸ್ವಲ್ಪ ದೊಡ್ಡದು. ದೊಡ್ಡ ಹಲಸಿನಕಾಯಿಯನ್ನೇ ಜಗಲಿಯ ಮೇಲೆ ಇಟ್ಟೆವು. ಮೆಣಸಿನಕಾಳು ಹಿಡಿದುಕೊಂಡು 60 ಮೀಟರ್ ನಡೆದರೆ ಭೂಮಿಯ ಜಾಗ. ನಿಂಬೆಹಣ್ಣಿನ ಗುರು 300 ಮೀಟರ್ ಆಚೆ, ರಸ್ತೆಯ ತಿರುವಿನಲ್ಲಿ. ನೆಪ್ಚೂನ್ ಪಕ್ಕದ ಊರಿನ ದಾರಿಯಲ್ಲಿ, ಸುಮಾರು ಒಂದು ಮುಕ್ಕಾಲು ಕಿಲೋಮೀಟರ್. ಅಲ್ಲಿಯವರೆಗೂ ನಡೆಯುತ್ತೇವೆ ಅಂತ ಮಕ್ಕಳು ಹಟ ಹಿಡಿದರು, ನಡೆದೇ ಬಿಟ್ಟರು.

ಒಂದು ಸಂಜೆ ಗುಡುಗು ಮಳೆ ಬಂತು. ಏಪ್ರಿಲ್ ಕೊನೆಯಲ್ಲಿ ನಮ್ಮಲ್ಲಿ ಅದು ಇದ್ದದ್ದೇ, ಅದಕ್ಕೊಂದು ಕತೆ ಸಿದ್ಧವಾಗಿರಬೇಕು. ನಾನು ಆರ್ಯಭಟದ ಕತೆ ಹೇಳಿದೆ. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ತಯಾರಾಗಿ, 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಏರಿ ಹೋದ ನಮ್ಮ ಮೊದಲ ಉಪಗ್ರಹ. ಅದನ್ನು ಕಟ್ಟಿದ ತಂಡದ ಮುಂದಾಳು ಯು. ಆರ್. ರಾವ್ ಘಟ್ಟದ ಕೆಳಗಿನ ಅದಮಾರಿನವರು ಅಂದಾಗ ಮಕ್ಕಳು ಹತ್ತಿರ ಸರಿದು ಕೂತರು. ತೂಕ ಸುಮಾರು 360 ಕಿಲೋ, ಐದಾರು ಅಡಿಕೆ ಮೂಟೆಯಷ್ಟು.

ಇನ್ನೊಂದು ಮಾತು ನನ್ನಂಥ ಹೊರನಾಡಿನವರಿಗೆ. ಈ ವಾರವನ್ನು ಎರಡು ಊರಲ್ಲಿ ಮಾಡಬಹುದು. ಏಪ್ರಿಲ್ 27ರ ಸುಮಾರಿಗೆ ಶಿವಮೊಗ್ಗ ಕಡೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ನೆಟ್ಟಗೆ ನಿಂತದ್ದಕ್ಕೆ ನೆರಳೇ ಇರುವುದಿಲ್ಲ. ಗಡಿಯಾರದಲ್ಲಿ ಹನ್ನೆರಡಕ್ಕಲ್ಲ, 12:25ರ ಆಸುಪಾಸಿನಲ್ಲಿ. ತಿಥಿಯ ವಾರಕ್ಕೆ ಇದು ಹೊಂದದಿದ್ದರೆ ಬೇರೆ ದಿನವೇ ಇಟ್ಟುಕೊಳ್ಳಿ. ತೋಟದ ಪಿವಿಸಿ ಪೈಪಿನ ಒಂದು ಅಡಿ ತುಂಡು ನಿಲ್ಲಿಸಿದೆವು. ಮಕ್ಕಳು ನೆಲವನ್ನೇ ನೋಡಬೇಕು, ಸೂರ್ಯನನ್ನು ನೋಡಲೇಬಾರದು ಅಂತ ಮೊದಲೇ ಹೇಳಿದ್ದೆ. ನೆರಳು ಕುಗ್ಗಿ ಕುಗ್ಗಿ ಪೈಪಿನ ಬುಡಕ್ಕೆ ಸೇರಿತು.

ಅಲ್ಲಿಂದ ಸೂರ್ಯ ಮುಂಬೈಯ ನೆತ್ತಿಗೆ ಬರಲು ಎರಡೂವರೆ ವಾರ ಬೇಕು. ಮೇ 15ಕ್ಕೆ ನಮ್ಮ ಕಟ್ಟಡದ ಟೆರೇಸ್ ಮೇಲೆ ನನ್ನ ಮಕ್ಕಳು ಅಂಥದೇ ಪೈಪ್ ನಿಲ್ಲಿಸಿ, 12:35ಕ್ಕೆ ಊರಿಗೆ ಫೋನ್ ಮಾಡಿದರು. "ಇಲ್ಲಿ ನೆರಳಿಲ್ಲ, ನಿಮ್ಮಲ್ಲಿ?" ಆ ಕಡೆಯಿಂದ ತಂಗಿಯ ಮಗಳು ಕೂಗಿದಳು, ಹತ್ತು ನಿಮಿಷದ ಹಿಂದೆಯೇ ಅಳೆದಿದ್ದೇನೆ, ಒಂದು ಇಂಚು ಇದೆ, ಆದರೆ ಈಗ ದಕ್ಷಿಣಕ್ಕೆ ಬಿದ್ದಿದೆ.