ನನ್ನ ಕೈ, ದೊಡ್ಡಮ್ಮನ ಕಾಲು

ನನಗೆ ಮೊದಲು ಹೇಳಿದ್ದು ಡಾಕ್ಟರಲ್ಲ, ಟೈಲರ್. ರವಿಕೆ ಅಳತೆ ತೆಗೆದುಕೊಳ್ಳುತ್ತಿದ್ದವರು ಎಡತೋಳಿಗೆ ಟೇಪ್ ಹಿಡಿದು ನಿಂತರು. ಬಲತೋಳಿಗೆ ಹಿಡಿದರು. ಮತ್ತೆ ಎಡಕ್ಕೆ ಬಂದರು. "ಮೇಡಂ, ಈ ಕಡೆ ಒಂದೂವರೆ ಇಂಚು ಜಾಸ್ತಿ ಇದೆ. ತೋಳು ಬೇರೆ ಬೇರೆ ಅಳತೆ ಇಟ್ಟು ಹೊಲೀಲಾ?" ಎಂದು ಮೆಲ್ಲಗೆ ಕೇಳಿದರು.

ಸ್ತನ ಕ್ಯಾನ್ಸರಿನ ಆಪರೇಷನ್ ಆಗಿ ಆಗ 14 ತಿಂಗಳು. ಕೀಮೋ ಮುಗಿದಿತ್ತು, ರೇಡಿಯೇಷನ್ ಮುಗಿದಿತ್ತು, ತಲೆಯಲ್ಲಿ ಕೂದಲು ಬಂದಿತ್ತು. ಗೆದ್ದು ಬಂದೆ ಎಂದು ಎಲ್ಲರೂ ಬೆನ್ನು ತಟ್ಟುತ್ತಿದ್ದರು. ಬಳೆ ಬಿಗಿಯಾಗಿದ್ದು, ಸಂಜೆಯಾದರೆ ಕೈ ಭಾರ ಅನ್ನಿಸುತ್ತಿದ್ದುದು ನನಗೂ ಗೊತ್ತಿತ್ತು. ಕೆಲಸ ಜಾಸ್ತಿ ಆಯ್ತೇನೋ ಅಂದುಕೊಂಡು ಸುಮ್ನೆ ಇದ್ದೆ.

ಆಸ್ಪತ್ರೆಗೆ ಹೋಗಿ ತೋರಿಸಿದೆ. ಯಾವ ಆಸ್ಪತ್ರೆ ಅಂತ ಬರೆಯುವುದಿಲ್ಲ, ನನ್ನ ಜೀವ ಉಳಿಸಿದವರು ಅವರೇ. ಅವರು ಹೇಳಿದ್ದು ಇಷ್ಟು: "ಕ್ಯಾನ್ಸರ್ ವಾಪಸ್ ಬಂದಿಲ್ಲ, ಅದು ಮುಖ್ಯ. ಊತ ಇರುತ್ತೆ. ಅಭ್ಯಾಸ ಮಾಡ್ಕೊಳ್ಳಿ." ಮನೆ ಹತ್ತಿರದ ಕ್ಲಿನಿಕ್ಕಿನಲ್ಲಿ ನೀರು ಹೋಗುವ ಮಾತ್ರೆ ಬರೆದುಕೊಟ್ಟರು. ಮೂರು ವಾರ ನುಂಗಿದೆ. ಬಾತ್‌ರೂಮಿಗೆ ಓಡಾಡಿದ್ದೇ ಬಂತು, ಕೈ ಇದ್ದ ಹಾಗೇ ಇತ್ತು.

ಆ ಮಾತ್ರೆ ಯಾಕೆ ಕೆಲಸ ಮಾಡಲಿಲ್ಲ ಅಂತ ತಿಳಿದದ್ದು ಬಹಳ ತಡವಾಗಿ. ರಕ್ತನಾಳದಿಂದ ಹೊರಗೆ ಜಿನುಗುವ ದ್ರವ, ಅದರ ಜೊತೆಗಿನ ಪ್ರೋಟೀನು, ಇವನ್ನೆಲ್ಲ ವಾಪಸ್ ಸಾಗಿಸುವುದಕ್ಕೆ ಮೈಯಲ್ಲಿ ಇನ್ನೊಂದು ಜಾಲವಿದೆ. ಅದರಲ್ಲಿ ಹರಿಯುವುದೇ ಲಿಂಫ್. ಶಾಲೆಯಲ್ಲಿ ದುಗ್ಧರಸ ಅಂತ ಓದಿದ್ದೇವಲ್ಲ, ಅದು. ಕೈಯಿಂದ ಬರುವ ನಾಳಗಳೆಲ್ಲ ಕಂಕುಳಿನ ಗ್ರಂಥಿಗಳ ಮೂಲಕ ಹಾದುಹೋಗಬೇಕು. ನನಗೆ ಅಲ್ಲಿ 14 ಗ್ರಂಥಿ ತೆಗೆದಿದ್ದರು, ಮೇಲಿಂದ ರೇಡಿಯೇಷನ್. ಕಾಲುವೆಗೆ ಮಣ್ಣು ಕುಸಿದರೆ ಮೇಲಿನ ಗದ್ದೆಯಲ್ಲಿ ನೀರು ನಿಲ್ಲುತ್ತದಲ್ಲ, ಹಾಗೆ. ಮಾತ್ರೆ ನೀರನ್ನು ಹೊರಹಾಕುತ್ತದೆ, ಪ್ರೋಟೀನ್ ಅಲ್ಲೇ ಉಳಿಯುತ್ತದೆ, ಅದು ಮತ್ತೆ ನೀರನ್ನು ಎಳೆದುಕೊಳ್ಳುತ್ತದೆ. ಹಾಗೇ ಬಿಟ್ಟರೆ ವರ್ಷ ಕಳೆದಂತೆ ಆ ಜಾಗ ಮೆತ್ತಗಿದ್ದದ್ದು ಗಟ್ಟಿಯಾಗುತ್ತದೆ. ಇದರ ಹೆಸರು ಲಿಂಫಿಡಿಮಾ. ಸ್ತನ ಕ್ಯಾನ್ಸರ್ ಚಿಕಿತ್ಸೆ ಆದ ಹೆಂಗಸರಲ್ಲಿ ಹೆಚ್ಚುಕಡಿಮೆ 5ರಲ್ಲಿ ಒಬ್ಬರಿಗೆ ಬರುತ್ತದೆ. ಕಂಕುಳ ಗ್ರಂಥಿಗಳನ್ನು ಪೂರ್ತಿ ತೆಗೆದವರಿಗೆ ಜಾಸ್ತಿ, ಒಂದೆರಡನ್ನು ಮಾತ್ರ ತೆಗೆದು ಪರೀಕ್ಷೆ ಮಾಡಿದವರಿಗೆ ಬಹಳ ಕಡಿಮೆ. ಇಷ್ಟು ಸಾಮಾನ್ಯವಾದ ಕಾಯಿಲೆಯ ಹೆಸರನ್ನು ಡಿಸ್ಚಾರ್ಜ್ ದಿನ ನನಗೆ ಯಾರೂ ಹೇಳಿರಲಿಲ್ಲ.

ಈಗ ದೊಡ್ಡಮ್ಮನ ವಿಷಯಕ್ಕೆ ಬರುತ್ತೇನೆ.

ನಮ್ಮದು ಮೂಲತಃ ಕಲಬುರಗಿ ಜಿಲ್ಲೆಯ ಸೇಡಂ ಕಡೆಯ ಮನೆತನ. ದೊಡ್ಡಮ್ಮ ಈಗಲೂ ಅಲ್ಲೇ ಹಳ್ಳಿಯಲ್ಲಿದ್ದಾರೆ. ಅವರ ಬಲಗಾಲು ನಾನು ಕಂಡಾಗಿನಿಂದ ದಪ್ಪ. ಆನೆಕಾಲು ರೋಗ. ಅವರು ಯಾರ ಮದುವೆಗೂ ಮುಂದಿನ ಸಾಲಿನಲ್ಲಿ ಕೂತವರಲ್ಲ. ಫೋಟೋ ತೆಗೆಯುವಾಗ ಸೀರೆಯ ನೆರಿಗೆ ಎಳೆದು ಪಾದ ಮುಚ್ಚಿಕೊಂಡು ಹಿಂದೆ ನಿಲ್ಲುತ್ತಿದ್ದರು. ಮಕ್ಕಳಾಗಿದ್ದಾಗ ನಾವು ಅವರ ಚಪ್ಪಲಿ ಮುಟ್ಟುತ್ತಿರಲಿಲ್ಲ. ಅಂಟಿಕೊಳ್ಳುತ್ತೆ ಅಂತ ಯಾರೋ ದೊಡ್ಡವರೇ ಹೇಳಿದ್ದರು. ಅದು ಮುಟ್ಟಿದರೆ ಬರುವ ರೋಗವೇ ಅಲ್ಲ. ಕೊಳಚೆ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆ ಕಚ್ಚಿ, ದಾರದಂಥ ಹುಳು ಮೈ ಸೇರಿ, ಲಿಂಫ್ ನಾಳಗಳನ್ನು ಕೆಡಿಸಿ ಬರುವಂಥದ್ದು. ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು ಕಡೆ, ಹಾಗೇ ಕರಾವಳಿಯಲ್ಲಿ ಇದು ತಲೆಮಾರುಗಳಿಂದ ಇದೆ.

ನನ್ನ ಕೈ ಊದಿದ ಎಂಟನೇ ತಿಂಗಳಿಗೆ ಒಂದು ರಾತ್ರಿ ಇದ್ದಕ್ಕಿದ್ದಂತೆ ಚಳಿ ಹತ್ತಿತು. ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟ. ಜ್ವರ 103. ಲೈಟ್ ಹಾಕಿ ನೋಡಿದರೆ ಮುಂಗೈ ಕೆಂಪಗೆ ಕಾದಿದೆ, ಆ ಕೆಂಪು ಮೊಣಕೈ ದಾಟುತ್ತಿದೆ. ಅಡಿಗೆ ಮನೆಯಲ್ಲಿ ಬೆರಳು ಚೂರು ಕೊಯ್ದುಕೊಂಡಿದ್ದೆ, ಅಷ್ಟೇ. ಅಮ್ಮನಿಗೆ ಫೋನ್ ಮಾಡಿದೆ. ಅವತ್ತು ದೊಡ್ಡಮ್ಮ ಅಮ್ಮನ ಜೊತೆ ಇದ್ದರು. ಫೋನ್ ಇಸಿದುಕೊಂಡರು. "ಕೆಂಪಗಾಗೈತೇನು? ಬಿಸಿ ಹತ್ತೇತೇನು? ಅದು ಬಾವಿನ ಜ್ವರ ಅದವ್ವಾ. ನನಗ ವರ್ಷಕ್ಕ ನಾಕೈದು ಸಲ ಬರ್ತಿತ್ತು. ಮುಂಜಾನಿ ತನ ಕಾಯಬ್ಯಾಡ. ಈಗೇ ದವಾಖಾನಿಗಿ ಹೋಗು."

ಹೋದೆವು. ಎಮರ್ಜೆನ್ಸಿಯಲ್ಲಿದ್ದ ಹುಡುಗಿ ಡಾಕ್ಟರ್ ನೋಡಿದ ತಕ್ಷಣ ಸೆಲ್ಯುಲೈಟಿಸ್, ಅಂದರೆ ಚರ್ಮದೊಳಗಿನ ಸೋಂಕು ಅಂದರು, ಆಂಟಿಬಯೋಟಿಕ್ ಡ್ರಿಪ್ ಹಾಕಿದರು. ಬೆಳಗಿನ ತನಕ ಕಾದಿದ್ದರೆ ಸೋಂಕು ರಕ್ತಕ್ಕೆ ಇಳಿಯಬಹುದಿತ್ತಂತೆ. ಇಷ್ಟು ತಿಂಗಳಲ್ಲಿ ನನಗೆ ಸರಿಯಾದ ಮಾತು ಹೇಳಿದ ಮೊದಲ ಮನುಷ್ಯರು ನಮ್ಮ ದೊಡ್ಡಮ್ಮ. ನಾವು ಯಾರ ಚಪ್ಪಲಿ ಮುಟ್ಟಲು ಹೇಸುತ್ತಿದ್ದೆವೋ ಅವರು. ಅವತ್ತು ಡ್ರಿಪ್ ಹಾಕಿಸಿಕೊಂಡು ಮಲಗಿದ್ದಾಗ ನನಗೆ ಹೊಳೆಯಿತು, ನನ್ನ ಕೈಗೂ ಅವರ ಕಾಲಿಗೂ ಇರುವುದು ಒಂದೇ ಕಾಯಿಲೆ. ದಾರಿ ಮುಚ್ಚಿದ್ದು ನನಗೆ ಕತ್ತರಿ, ಅವರಿಗೆ ಹುಳು. ನನ್ನದಕ್ಕೆ ಇಂಗ್ಲಿಷ್ ಹೆಸರು, ಅವರದಕ್ಕೆ ಪ್ರಾಣಿಯ ಹೆಸರು.

ದೊಡ್ಡಮ್ಮನಿಗೆ ಈಗ ಆ ಜ್ವರ ಬರುವುದು ತೀರಾ ಅಪರೂಪ. ಹೇಗೆ ಅಂತ ಕೇಳಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಒಂದು ಟಬ್ಬು, ಮಗ್ಗು, ಸೋಪು, ಟವೆಲ್ಲು, ಒಂದು ಟ್ಯೂಬ್ ಮುಲಾಮು ಕೊಟ್ಟಿದ್ದಾರೆ. ಆಶಾ ಕಾರ್ಯಕರ್ತೆ ಬಂದು ಕಾಲು ತೊಳೆಯುವುದನ್ನು ಕಲಿಸಿದ್ದಾಳೆ. ಮುಂದಿನ ಸಲ ಊರಿಗೆ ಹೋದಾಗ ನಾನು ಪಕ್ಕದಲ್ಲಿ ಕೂತು ನೋಡಿದೆ. ದಿನಾ ರಾತ್ರಿ ಊಟಕ್ಕೆ ಮುಂಚೆ. ಮೊಣಕಾಲಿನಿಂದ ಕೆಳಗೆ ಸೋಪು ಹಚ್ಚುತ್ತಾರೆ, ಉಜ್ಜುವುದಿಲ್ಲ, ಸವರುತ್ತಾರೆ. ಚರ್ಮದ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿ ತೊಳೆಯುತ್ತಾರೆ. ನೀರು ತಿಳಿಯಾಗುವ ತನಕ. ಆಮೇಲೆ ಒಂದು ಹಳೇ ವಾಯಿಲ್ ಸೀರೆಯ ತುಂಡು. ಅದನ್ನು ಬತ್ತಿಯಂತೆ ಹೊಸೆದು ಬೆರಳ ಸಂದಿಯಲ್ಲಿ ತೂರಿಸಿ ತೇವ ಹೀರುತ್ತಾರೆ. ಕೊನೆಗೆ ಸಂದಿಗೆ ಮುಲಾಮು. ಬೆರಳ ಸಂದಿಯ ಬಿರುಕಿನಿಂದಲೇ ಸೋಂಕು ಒಳಗೆ ಹೋಗುವುದು ಅಂತ ಅವರಿಗೆ ಗೊತ್ತು. ನನಗೆ ಗೊತ್ತಿರಲಿಲ್ಲ, ನಾನು ಎಂಎಸ್ಸಿ ಓದಿದವಳು.

ಒಂದು ಮಾತು ಇಲ್ಲಿ ಹೇಳಲೇಬೇಕು. 2004ರಿಂದ ಸರ್ಕಾರ ಮನೆಮನೆಗೆ ಬಂದು ಕೊಡುವ ಆನೆಕಾಲು ಮಾತ್ರೆ ಹುಳುವಿನ ಹರಡುವಿಕೆ ನಿಲ್ಲಿಸುವುದಕ್ಕೆ. ಎರಡು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ತೀವ್ರ ಕಾಯಿಲೆ ಇರುವವರನ್ನು ಬಿಟ್ಟು ಅದನ್ನು ಎಲ್ಲರೂ ನುಂಗಬೇಕು, ಊತ ಇಲ್ಲದವರು ಕೂಡ. ಕಿಟಕಿಯಿಂದ ಆಚೆ ಎಸೆಯಬೇಡಿ. ಆದರೆ ಈಗಾಗಲೇ ಊದಿದ ಕಾಲು ಅದರಿಂದ ಇಳಿಯುವುದಿಲ್ಲ. ಅದಕ್ಕೆ ಬೇಕಾದದ್ದು ಈ ದಿನದಿನದ ಆರೈಕೆ. ಮಾತ್ರೆ ಕೊಟ್ಟಷ್ಟೇ ಶ್ರದ್ಧೆಯಿಂದ ಇದನ್ನೂ ಕಲಿಸಬೇಕು ಅನ್ನುವುದು ನನ್ನ ಒತ್ತಾಯ.

ನನಗೆ ಸಹಾಯ ಸಿಕ್ಕಿದ್ದು ಒಬ್ಬ ಫಿಸಿಯೋಥೆರಪಿಸ್ಟ್ ಮೂಲಕ. ಲಿಂಫಿಡಿಮಾಗೆ ಅಂತಲೇ ತರಬೇತಿ ಪಡೆದವರು. ನೀವು ಹುಡುಕುವಾಗ ಇದನ್ನೇ ಕೇಳಿ, "ಲಿಂಫಿಡಿಮಾ ಥೆರಪಿ ಕಲಿತವರು ಇದ್ದಾರಾ?" ಅಂತ. ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳ ಫಿಸಿಯೋಥೆರಪಿ ವಿಭಾಗದಲ್ಲಿ ಮೊದಲು ವಿಚಾರಿಸಿ. ಸಾಮಾನ್ಯ ಮಸಾಜ್ ಮಾಡುವವರ ಹತ್ತಿರ ಹೋಗಬೇಡಿ. ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕುವುದು ಇದಕ್ಕೆ ಆಗುವುದಿಲ್ಲ. ಲಿಂಫಿನ ಸಣ್ಣ ನಾಳಗಳು ಚರ್ಮದ ಕೆಳಗೇ ಇರುತ್ತವೆ. ತರಬೇತಿ ಪಡೆದವರು ಮಾಡುವುದು ಕೂಸಿನ ಕೆನ್ನೆ ಸವರಿದಷ್ಟು ಹಗುರ. ಅದೂ ಕೈಯಿಂದ ಶುರು ಮಾಡುವುದಿಲ್ಲ. ಮೊದಲು ಕುತ್ತಿಗೆ, ಆಮೇಲೆ ಎದೆಯ ಇನ್ನೊಂದು ಬದಿ, ಕೊನೆಗೆ ಕೈ. ಮುಂದಿನ ದಾರಿ ಬಿಡಿಸದೆ ಹಿಂದಿನದನ್ನು ತಳ್ಳಿ ಏನು ಪ್ರಯೋಜನ, ಅಲ್ವಾ?

ಆಮೇಲೆ ಕಟ್ಟು. ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಕ್ರೇಪ್ ಬ್ಯಾಂಡೇಜ್ ಕೊಡುತ್ತಾರೆ. ಅದಲ್ಲ. ಕಡಿಮೆ ಹಿಗ್ಗುವ ಬೇರೆ ಬ್ಯಾಂಡೇಜ್ ಬರುತ್ತದೆ. ಮೊದಲು ಹತ್ತಿಯ ತೋಳುಚೀಲ, ಬೆರಳಿಗೆ ಒಂದೊಂದಾಗಿ ಸಣ್ಣ ಪಟ್ಟಿ, ಮೇಲೆ ಮೆತ್ತೆ, ಅದರ ಮೇಲೆ ಬ್ಯಾಂಡೇಜು. ಮಣಿಕಟ್ಟಿನ ಹತ್ತಿರ ಬಿಗಿ, ಮೇಲೆ ಹೋದಂತೆ ಸಡಿಲ. ಮೊದಲ ವಾರ ನನ್ನ ಗಂಡ ಕಟ್ಟಿದ್ದು ಮಧ್ಯರಾತ್ರಿಗೆ ಜಾರುತ್ತಿತ್ತು. ಈಗ ಹನ್ನೆರಡು ನಿಮಿಷದಲ್ಲಿ ಕಟ್ಟುತ್ತಾರೆ. ಮೂರು ವಾರಕ್ಕೆ ಕೈ ಒಂದು ಇಂಚು ಇಳಿಯಿತು. ಆಮೇಲೆ ಹಗಲಿಗೆ ಅಳತೆ ಕೊಟ್ಟು ಮಾಡಿಸಿದ ಕಂಪ್ರೆಷನ್ ತೋಳು, ಅಂದರೆ ಕೈಯನ್ನು ಒತ್ತಿ ಹಿಡಿಯುವ ಬಿಗಿ ತೋಳುಚೀಲ. ಆರು ತಿಂಗಳಿಗೆ ಅದರ ಬಿಗಿ ಹೋಗುತ್ತದೆ, ಹೊಸದು ಬೇಕು. ನಾನು ಪ್ರತಿ ಸಲ ಕೈಯಿಂದಲೇ ದುಡ್ಡು ಕೊಟ್ಟಿದ್ದೇನೆ. ಲಕ್ಷಗಟ್ಟಲೆಯ ಆಪರೇಷನ್ನಿಗೆ ಆರೋಗ್ಯ ಕಾರ್ಡ್ ನಡೆಯಿತು, ಕೆಲವು ಸಾವಿರದ ತೋಳಿಗೆ ನಡೆಯಲಿಲ್ಲ. ಕೂಲಿ ಮಾಡುವ ಹೆಂಗಸು ಏನು ಮಾಡಬೇಕು ಹೇಳಿ. ಕ್ಯಾನ್ಸರ್ ಚಿಕಿತ್ಸೆಯ ಪ್ಯಾಕೇಜಿನಲ್ಲೇ ಇದು ಸೇರಬೇಕು. ಇದು ಅಲಂಕಾರದ ವಸ್ತುವಲ್ಲ.

ಇನ್ನೊಂದು ತಪ್ಪು ಕಲ್ಪನೆ ನನ್ನನ್ನು ಒಂದು ವರ್ಷ ಕಟ್ಟಿಹಾಕಿತ್ತು. "ಆ ಕೈಯಲ್ಲಿ ಒಂದು ಕೊಡ ನೀರೂ ಎತ್ತಬೇಡ." ಎಲ್ಲರೂ ಹೇಳಿದ್ದು ಇದನ್ನೇ. ಆದರೆ 2009ರಲ್ಲೇ ಅಮೆರಿಕದಲ್ಲಿ ಲಿಂಫಿಡಿಮಾ ಇರುವ 141 ಹೆಂಗಸರನ್ನು ಸೇರಿಸಿ ಅಧ್ಯಯನ ಮಾಡಿದ್ದರು. ಅರ್ಧ ಜನರಿಗೆ ನಿಧಾನವಾಗಿ ತೂಕ ಎತ್ತುವುದನ್ನು ಕಲಿಸಿದರು. ಅವರ ಊತ ಜಾಸ್ತಿಯಾಗಲಿಲ್ಲ, ಬದಲಿಗೆ ಉಲ್ಬಣಿಸುವುದು ಕಡಿಮೆಯಾಯಿತು. ಸ್ನಾಯು ಆಡಿದಾಗ ಲಿಂಫ್ ಚೆನ್ನಾಗಿ ಹರಿಯುತ್ತದೆ. ತರಬೇತಿ ಕೊಡುವವರ ಕಣ್ಣ ಮುಂದೆ ಅರ್ಧ ಕೆಜಿಯಿಂದ ಶುರು ಮಾಡಿದೆ. ಈಗ ಮೊಮ್ಮಗಳನ್ನು ಎತ್ತಿಕೊಳ್ಳುತ್ತೇನೆ, ಕಂಪ್ರೆಷನ್ ತೋಳು ಹಾಕಿಕೊಂಡೇ.

ಕಾಲಿನ ಊತ ಇರುವವರಿಗೆ, ಅದರಲ್ಲೂ ಕರಾವಳಿಯವರಿಗೆ ಕಾಸರಗೋಡು ಹತ್ತಿರ. ಅಲ್ಲಿ ಡಾ. ಎಸ್. ಆರ್. ನರಹರಿ ಅವರ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಇದೆ. ಆಧುನಿಕ ವೈದ್ಯ, ಆಯುರ್ವೇದ, ಯೋಗ ಮೂರನ್ನೂ ಸೇರಿಸಿ ಲಿಂಫಿಡಿಮಾಗೆ ಚಿಕಿತ್ಸೆ ರೂಪಿಸಿದ್ದಾರೆ. ತೊಳೆಯುವುದು, ಕಷಾಯದಲ್ಲಿ ನೆನೆಸುವುದು, ಯೋಗ, ಕಟ್ಟು. ನನಗೆ ಬಹಳ ಹಿಡಿಸಿದ್ದು ಏನೆಂದರೆ, ಮನೆಯವರಿಗೇ ಕಲಿಸಿ ಕಳಿಸುತ್ತಾರೆ. ಇದೇ ವಿಧಾನವನ್ನು ನಮ್ಮ ಕಲಬುರಗಿ ಜಿಲ್ಲೆಯ ಜನರ ನಡುವೆಯೂ ಮಾಡಿ ನೋಡಿದ್ದಾರೆ, 2013ರಲ್ಲಿ ಅದರ ಫಲಿತಾಂಶ ಪ್ರಕಟವಾಗಿದೆ. ಅಂದರೆ ದೊಡ್ಡ ಯಂತ್ರ ಇಲ್ಲದ ಊರಲ್ಲೂ ಇದು ಸಾಧ್ಯ.

ಡಾಕ್ಟರುಗಳಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. "ಇದು ಪೂರ್ತಿ ವಾಸಿಯಾಗಲ್ಲ" ಅನ್ನಿ, ಅದು ನಿಜ. ಆದರೆ ಆ ವಾಕ್ಯವನ್ನು ಅಲ್ಲಿಗೇ ನಿಲ್ಲಿಸಬೇಡಿ. ಕಂಕುಳ ಗ್ರಂಥಿ ತೆಗೆದ ಪ್ರತಿ ಹೆಂಗಸಿಗೂ ಡಿಸ್ಚಾರ್ಜ್ ದಿನ ಕನ್ನಡದಲ್ಲಿ ಒಂದು ಹಾಳೆ ಕೊಡಿ. ಕೈ ಭಾರವಾದರೆ ಯಾರ ಹತ್ತಿರ ಹೋಗಬೇಕು, ಕೆಂಪಾಗಿ ಚಳಿಜ್ವರ ಬಂದರೆ ಅದೇ ರಾತ್ರಿ ಯಾಕೆ ಬರಬೇಕು, ಇಷ್ಟು ಬರೆದಿರಲಿ. ಆಪರೇಷನ್‌ಗೆ ಮುಂಚೆ ಎರಡೂ ಕೈಯ ಅಳತೆ ತೆಗೆದು ಫೈಲಿನಲ್ಲಿ ಬರೆದಿಡಿ. ಟೈಲರ್ ಅಂಗಡಿಯಲ್ಲಿ ತಿಳಿಯುವ ವಿಷಯ ಇದಲ್ಲ.

ಈ ವಾರ ದೊಡ್ಡಮ್ಮ ನಮ್ಮ ಮನೆಗೆ ಬಂದಿದ್ದಾರೆ. ನಿನ್ನೆ ನಮ್ಮ ಫಿಸಿಯೋ ಅವರ ಹತ್ತಿರ ಕರೆದುಕೊಂಡು ಹೋಗಿದ್ದೆ. ಅವರು ಮೊದಲು ಕಾಲಿನ ರಕ್ತದ ಓಟ ಪರೀಕ್ಷೆ ಮಾಡಿದರು, ಆಮೇಲೆ ಐದು ಕಡೆ ಅಳತೆ ತೆಗೆದರು. ದೊಡ್ಡಮ್ಮ ಸೀರೆ ಮೊಣಕಾಲ ತನಕ ಎತ್ತಿ ಹಿಡಿದು ಕೂತಿದ್ದರು. ನಲವತ್ತು ವರ್ಷದಲ್ಲಿ ಈ ಕಾಲಿಗೆ ಯಾರೂ ಟೇಪ್ ಹಿಡಿದಿರಲಿಲ್ಲವಂತೆ. ರಾತ್ರಿ ಊಟ ಆದ ಮೇಲೆ ನಾವಿಬ್ಬರೂ ಹಾಲ್‌ನಲ್ಲಿ ಕೂತೆವು. ನನ್ನ ಗಂಡ ನನ್ನ ಕೈಗೆ ಕಟ್ಟಿದರು, ನಾನು ಅವರ ಕಾಲಿಗೆ ಕಟ್ಟಿದೆ. "ಹಿಮ್ಮಡಿ ಹತ್ರ ಇನ್ನೊಂಚೂರು ಬಿಗಿ ಮಾಡವ್ವಾ" ಅಂದರು. ಬಿಚ್ಚಿ ಮತ್ತೆ ಕಟ್ಟಿದೆ.