ರಾಬಿನ್ ಕೈಯಲ್ಲಿತ್ತು, ಜನ ಓಡಿದರು

ಸಿಟ್ಟು ಇನ್ನೂ ಇಳಿದಿಲ್ಲ. ಬರಹ ಉದ್ದವಾದರೆ ಬೈಯಬೇಡಿ, ಅರ್ಧಕ್ಕೆ ಬಿಟ್ಟು ಹೋದರೂ ನನಗೇನೂ ತಿಳಿಯುವುದಿಲ್ಲ.

ಉತ್ತರ ಸಮುದ್ರದಲ್ಲಿರುವ ಜರ್ಮನಿಯ ಹೆಲ್ಗೋಲಾಂಡ್ ದ್ವೀಪದ ಪಕ್ಷಿ ವೀಕ್ಷಣಾಲಯಕ್ಕೆ ಒಂದು ತೋಟವಿದೆ. ವಲಸೆ ಹಕ್ಕಿಗಳನ್ನು ಹಿಡಿದು, ಕಾಲಿಗೆ ಉಂಗುರ ತೊಡಿಸಿ, ಅಳತೆ ತೆಗೆದು ಬಿಡುವ ಜಾಗ. ಇಂದು ಬೆಳಿಗ್ಗೆ ಅಲ್ಲಿ ನಮ್ಮಂಥ ಸಂದರ್ಶಕರ ಒಂದು ಗುಂಪು ನಿಂತಿತ್ತು. ಉಂಗುರ ತೊಡಿಸುವ ಹುಡುಗಿ ಬಟ್ಟೆಯ ಚೀಲದೊಳಗೆ ಕೈಹಾಕಿ ಒಂದು ರಾಬಿನ್ ತೆಗೆದಳು. ಅದರ ಕತ್ತು ಅವಳ ತೋರುಬೆರಳು ಮತ್ತು ನಡುಬೆರಳಿನ ಸಂದಿಯಲ್ಲಿ, ಬೆನ್ನು ಅಂಗೈಯಲ್ಲಿ. ಉಂಗುರ ಒತ್ತಿ ಮುಗಿಸಿ ರೆಕ್ಕೆಯನ್ನು ಬಿಡಿಸಿ ತೋರಿಸುತ್ತಿದ್ದಳು. ಅಷ್ಟರಲ್ಲಿ ಒಬ್ಬರ ಮೊಬೈಲ್ ಸದ್ದು ಮಾಡಿತು. ಹಿಂದೆಯೇ ಇನ್ನೊಬ್ಬರದು, ಮತ್ತೊಬ್ಬರದು. ದ್ವೀಪದ ಇನ್ನೊಂದು ಕಡೆ ಯಾವುದೋ ಪೊದೆಯಲ್ಲಿ ಪಲ್ಲಾಸ್ ವಾರ್ಬ್ಲರ್ ಎಂಬ ಅಪರೂಪದ ಹಕ್ಕಿ ಕಾಣಿಸಿಕೊಂಡಿದೆಯಂತೆ. ಅಷ್ಟೇ. ಗುಂಪಿನ ಅರ್ಧಕ್ಕೂ ಹೆಚ್ಚು ಜನ, ತೋಳಿನಷ್ಟು ಉದ್ದದ ಲೆನ್ಸುಗಳನ್ನು ಎದೆಗೆ ಒತ್ತಿಕೊಂಡು, ಒಂದು ಮಾತು ಹೇಳುವ ಸೌಜನ್ಯವೂ ಇಲ್ಲದೆ ಓಡಿದರು.

ಆ ಹುಡುಗಿ ಓಡುವವರ ಕಡೆ ತಲೆ ಎತ್ತಿಯೂ ನೋಡಲಿಲ್ಲ. ಉಳಿದವರಿಗೆ ಕೇಳುವಂತೆ ‘ರೆಕ್ಕೆ 72’ ಎಂದು ರೆಕ್ಕೆಯ ಉದ್ದವನ್ನು ಮಿಲಿಮೀಟರಿನಲ್ಲಿ ಹೇಳಿ ಬರೆದುಕೊಂಡಳು.

ನನ್ನ ವಿಷಯ ನಿಮಗೆ ಗೊತ್ತಿರುವುದೇ. ಜೀವನವಿಡೀ ಇನ್ನೊಬ್ಬರ ಲೆಕ್ಕಪತ್ರ ತಪಾಸಣೆ ಮಾಡಿದವನು. ಮಗಳ ಮನೆಗೆ ಬಂದಾಗಲೆಲ್ಲ ಮೊಮ್ಮಗನನ್ನು ನೋಡುವ ನೆಪದಲ್ಲಿ ಅಕ್ಟೋಬರ್ ತಿಂಗಳನ್ನೇ ಆರಿಸಿಕೊಳ್ಳುತ್ತೇನೆ ಎಂದು ಹೆಂಡತಿ ಈ ಗೋಡೆಯ ಮೇಲೆಯೇ ಬರೆದು ಮಾನ ಕಳೆದಿದ್ದಾಳೆ. ಕುಕ್ಸ್‌ಹಾಫೆನ್ ಬಂದರಿನಿಂದ ಎರಡು ಗಂಟೆಗೂ ಹೆಚ್ಚು ಹಡಗಿನಲ್ಲಿ ಹೊಟ್ಟೆ ತೊಳಸಿಕೊಂಡು ಇಲ್ಲಿಗೆ ಬರುವುದು ಆ ‘ರೆಕ್ಕೆ 72’ ಕೇಳುವುದಕ್ಕೆ. ಇದನ್ನು ಹೇಳಿದರೆ ಜನ ನಗುತ್ತಾರೆ. ನಗಲಿ.

ಓಡಿದವರು ಏನನ್ನು ಬಿಟ್ಟು ಓಡಿದರು ಎಂಬುದಷ್ಟೇ ನನ್ನ ತಕರಾರು. ರಾಬಿನ್ ಎಂದರೆ ಇವರ ಪಾಲಿಗೆ ಕಸ. ‘ಬರೀ ರಾಬಿನ್’ ಎಂದು ಒಬ್ಬ ಮಹಾಶಯ ಓಡುವ ಮೊದಲು ಹೇಳಿದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಆ ಬರೀ ರಾಬಿನ್ ಹದಿನೈದು ಹದಿನೆಂಟು ಗ್ರಾಂ ತೂಗುತ್ತದೆ. ಸ್ಕ್ಯಾಂಡಿನೇವಿಯಾದ ಕಾಡುಗಳಿಂದ ಹೊರಟು, ರಾತ್ರಿಯ ಕತ್ತಲಲ್ಲಿ, ಒಂಟಿಯಾಗಿ, ಉತ್ತರ ಸಮುದ್ರದ ಮೇಲೆ ಹಾರಿ ಬಂದು ಈ ಕೆಂಪು ಕಲ್ಲಿನ ತುಣುಕಿನ ಮೇಲೆ ಇಳಿದಿದೆ. ಮುಖ್ಯ ದ್ವೀಪದ ವಿಸ್ತಾರ ಸುಮಾರು ಒಂದು ಚದರ ಕಿಲೋಮೀಟರ್ ಅಷ್ಟೆ. ಹುಡುಗಿ ತೋರಿಸುತ್ತಿದ್ದ ಆ ರೆಕ್ಕೆಯ ಮೇಲ್ಗರಿಗಳ ತುದಿಯಲ್ಲಿ ಪುಟ್ಟ ಪುಟ್ಟ ಹಳದಿ ಚುಕ್ಕೆಗಳಿದ್ದವು. ಅಂದರೆ ಇದೇ ಬೇಸಿಗೆಯಲ್ಲಿ ಮೊಟ್ಟೆಯೊಡೆದು ಬಂದ ಮರಿ, ಇದು ಅದರ ಮೊದಲ ಪ್ರಯಾಣ. ದಾರಿ ತೋರಿಸಲು ಅಪ್ಪನಿಲ್ಲ, ಅಮ್ಮನಿಲ್ಲ.

ಮತ್ತೆ ದಾರಿ ಹೇಗೆ ತಿಳಿಯುತ್ತದೆ? ಈ ಪ್ರಶ್ನೆಗೆ ಸಿಕ್ಕ ಬಹುದೊಡ್ಡ ಉತ್ತರ ಈ ಬರೀ ರಾಬಿನ್‌ನಿಂದಲೇ ಬಂದದ್ದು. 1960ರ ದಶಕದಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಫ್ರೀಡ್ರಿಷ್ ಮೆರ್ಕೆಲ್ ಮತ್ತು ವೋಲ್ಫ್‌ಗಾಂಗ್ ವಿಲ್ಟ್‌ಷ್ಕೊ ರಾಬಿನ್‌ಗಳನ್ನು ಪಂಜರದಲ್ಲಿಟ್ಟು, ಸುತ್ತಲಿನ ಕಾಂತಕ್ಷೇತ್ರವನ್ನು ತಿರುಗಿಸಿ ನೋಡಿದರು. ಕ್ಷೇತ್ರ ತಿರುಗಿದಂತೆ ಹಕ್ಕಿ ಹಾರಲು ಬಯಸುವ ದಿಕ್ಕೂ ತಿರುಗಿತು. ಹಕ್ಕಿಗಳಿಗೆ ಭೂಮಿಯ ಕಾಂತಕ್ಷೇತ್ರ ದಿಕ್ಸೂಚಿಯಾಗಿದೆ ಎಂದು ಜಗತ್ತಿಗೆ ಗೊತ್ತಾದದ್ದು ಹೀಗೆ. 2014ರಲ್ಲಿ ಓಲ್ಡೆನ್‌ಬುರ್ಗ್‌ನ ವಿಜ್ಞಾನಿಗಳು ಇನ್ನೊಂದು ಸಂಗತಿ ತೋರಿಸಿದರು. ನಗರದ ವಿದ್ಯುತ್ ಉಪಕರಣಗಳಿಂದ ಹೊಮ್ಮುವ ರೇಡಿಯೊ ಗದ್ದಲದಲ್ಲಿ ಈ ದಿಕ್ಸೂಚಿ ಕೆಟ್ಟುಹೋಗುತ್ತದೆ. ಹಕ್ಕಿಗಳನ್ನಿಟ್ಟ ಗುಡಿಸಲಿಗೆ ಅಲ್ಯೂಮಿನಿಯಂ ತಗಡು ಹೊದಿಸಿ ನೆಲಕ್ಕೆ ತಂತಿ ಜೋಡಿಸಿದರೆ ಸರಿಹೋಗುತ್ತದೆ. ಪ್ರಯೋಗದ ಹಕ್ಕಿ ಯಾವುದು ಎಂದು ಊಹಿಸಿ. ಪಲ್ಲಾಸ್ ವಾರ್ಬ್ಲರ್ ಅಲ್ಲ.

ಇರಲಿ, ಆ ವಾರ್ಬ್ಲರ್ ಚೆಂದದ ಹಕ್ಕಿಯೇ. ತಲೆಯ ಮೇಲೆ ಹಳದಿ ಪಟ್ಟೆ, ಸೊಂಟದ ಮೇಲೆ ನಿಂಬೆ ಬಣ್ಣದ ಚೌಕ, ಎಲೆಯ ಮುಂದೆ ಒಂದೇ ಕಡೆ ನಿಂತು ರೆಕ್ಕೆ ಬಡಿಯುವ ಚಪಲ. ಸೈಬೀರಿಯಾದಲ್ಲಿ ಹುಟ್ಟಿ ಏಷ್ಯಾದ ಆಗ್ನೇಯಕ್ಕೆ ಹೋಗಬೇಕಾದದ್ದು ಪಶ್ಚಿಮಕ್ಕೆ ಬಂದಿದೆ. ದಾರಿ ತಪ್ಪಿದ ಹಕ್ಕಿಯನ್ನು ನೋಡಲು ನೂರು ಜನ, ದಾರಿ ತಪ್ಪದ ಹಕ್ಕಿಯನ್ನು ನೋಡಲು ಆರು ಜನ. ನನಗೆ ಹೊಟ್ಟೆ ಉರಿಯುವುದು ಇಲ್ಲಿ.

ಈ ಕಾಯಿಲೆ ಹಳೆಯದು ಎನ್ನುವುದೂ ಗೊತ್ತು. ಹೈನ್ರಿಷ್ ಗೇಟ್ಕೆ ಎಂಬ ಚಿತ್ರಕಾರ 1837ರಲ್ಲಿ ಈ ದ್ವೀಪಕ್ಕೆ ಬಂದ. ಆಗ ಇದು ಬ್ರಿಟಿಷರ ಕೈಯಲ್ಲಿತ್ತು. ಬಂದವನು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಇಲ್ಲೇ ಉಳಿದು, ದೀಪಸ್ತಂಭದ ಬೆಳಕಿಗೆ ಮುತ್ತುವ ಹಕ್ಕಿಗಳನ್ನು, ದ್ವೀಪದವರು ಹೊಡೆದು ತರುವ ಹಕ್ಕಿಗಳನ್ನು ನೋಡಿ, ಬರೆದು, ಸಂಗ್ರಹಿಸಿದ. ಅಪರೂಪದ ಹಕ್ಕಿಗಳೆಂದರೆ ಅವನಿಗೂ ಪ್ರಾಣ. ಈ ಪುಟ್ಟ ದ್ವೀಪದ ಹೆಸರನ್ನು ಪಕ್ಷಿಲೋಕದ ಭೂಪಟದಲ್ಲಿ ಇಟ್ಟವನು ಅವನೇ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅದೇ ಗೇಟ್ಕೆ 1891ರ ತನ್ನ ಪುಸ್ತಕದಲ್ಲಿ ನೀಲಿ ಕೊರಳಿನ ಬ್ಲೂಥ್ರೋಟ್ ಹಕ್ಕಿಯ ಬಗ್ಗೆ ಬರೆದದ್ದನ್ನು ಕೇಳಿ. ಚಳಿಗಾಲದಲ್ಲಿ ಅದು ಈಜಿಪ್ಟಿನ ಕಡೆ ಇರುತ್ತದೆ, ವಸಂತದಲ್ಲಿ ಹೆಲ್ಗೋಲಾಂಡ್‌ನಲ್ಲಿ ಕಾಣುತ್ತದೆ, ನಡುವಿನ ದೇಶಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ಹಾಗಾದರೆ ಒಂದೇ ರಾತ್ರಿಯಲ್ಲಿ ಹಾರಿ ಬರುತ್ತಿರಬೇಕು! ಲೆಕ್ಕ ಹಾಕಿದರೆ ಗಂಟೆಗೆ 300 ಕಿಲೋಮೀಟರಿಗೂ ಹೆಚ್ಚಿನ ವೇಗ. ವಾಸ್ತವದಲ್ಲಿ ಇಂಥ ಸಣ್ಣ ಹಕ್ಕಿಗಳ ವೇಗ ಗಂಟೆಗೆ 30ರಿಂದ 50 ಕಿಲೋಮೀಟರ್, ಬೆನ್ನಿಗೆ ಗಾಳಿ ಇದ್ದರೆ ಇನ್ನಷ್ಟು. ತಪಾಸಣೆಗೆ ಕುಳಿತವನು ಹೇಳುತ್ತೇನೆ: ನಡುವಿನ ದಿನಗಳ ಚೀಟಿಗಳು ಇಲ್ಲದ ಲೆಕ್ಕಪುಸ್ತಕದಲ್ಲಿ ಇಂಥ ಪವಾಡಗಳು ಯಾವಾಗಲೂ ನಡೆಯುತ್ತವೆ.

ಆ ಚೀಟಿಗಳನ್ನು ಒದಗಿಸಿದ್ದು ಉಂಗುರ. 1899ರಲ್ಲಿ ಡೆನ್ಮಾರ್ಕಿನ ವಿಬೊರ್ಗ್ ಊರಿನ ಶಾಲಾ ಮಾಸ್ತರ ಮಾರ್ಟೆನ್ಸನ್ ಅಲ್ಯೂಮಿನಿಯಂ ಉಂಗುರದ ಮೇಲೆ ಸಂಖ್ಯೆ ಮತ್ತು ವಿಳಾಸ ಕೊರೆದು ಹಕ್ಕಿಗಳ ಕಾಲಿಗೆ ತೊಡಿಸಿದ. ಯಾವ ಹಕ್ಕಿಗೆ? ಸ್ಟಾರ್ಲಿಂಗ್‌ಗೆ. ಯುರೋಪಿನ ಪ್ರತಿ ಊರಿನ ಮಾಡಿನ ಮೇಲೆ ಕೂತು ಕಿರುಚುವ, ಯಾರೂ ಕ್ಯಾಮೆರಾ ಎತ್ತದ ಸ್ಟಾರ್ಲಿಂಗ್. 1950ರ ದಶಕದಲ್ಲಿ ಪೆರ್ಡೆಕ್ ಎಂಬ ಡಚ್ ವಿಜ್ಞಾನಿ ಶರತ್ಕಾಲದ ವಲಸೆಯ ನಡುವೆ ಹೇಗ್ ಬಳಿ ಹಿಡಿದ ಸುಮಾರು 11,000 ಸ್ಟಾರ್ಲಿಂಗ್‌ಗಳಿಗೆ ಉಂಗುರ ತೊಡಿಸಿ, ವಿಮಾನದಲ್ಲಿ ಸ್ವಿಟ್ಜರ್ಲೆಂಡಿಗೆ ಒಯ್ದು ಬಿಟ್ಟ. ಮೊದಲೊಮ್ಮೆ ವಲಸೆ ಹೋಗಿ ಬಂದಿದ್ದ ದೊಡ್ಡ ಹಕ್ಕಿಗಳು ಜಾಗ ಬದಲಾದದ್ದನ್ನು ಅರಿತು, ತಿರುಗಿ ತಮ್ಮ ಚಳಿಗಾಲದ ನೆಲೆಯ ಕಡೆಗೇ ಹೋದವು. ಮರಿಗಳು ಮಾತ್ರ ಹುಟ್ಟಿನಿಂದ ಬಂದ ದಿಕ್ಕನ್ನೇ ಹಿಡಿದು ಸ್ಪೇನ್ ಕಡೆಗೆ ಹೊರಟುಬಿಟ್ಟವು. ಹುಟ್ಟಿನಿಂದ ಬರುವುದು ದಿಕ್ಕು, ಅನುಭವದಿಂದ ಬರುವುದು ಗುರಿ ಎಂದು ತಿಳಿದದ್ದು ಹನ್ನೊಂದು ಸಾವಿರ ‘ಬರೀ’ ಹಕ್ಕಿಗಳಿಂದ. ಒಂದು ಅಪರೂಪದ ಹಕ್ಕಿಯ ಹನ್ನೊಂದು ಸಾವಿರ ಫೋಟೊಗಳಿಂದ ಏನು ತಿಳಿಯುತ್ತದೆ? ಅದು ಚೆನ್ನಾಗಿದೆ ಎಂದು ತಿಳಿಯುತ್ತದೆ.

ಇಲ್ಲಿನ ಬಲೆಯ ಕಥೆಯನ್ನೂ ಹೇಳಬೇಕು, ಏಕೆಂದರೆ ಅದರಲ್ಲೂ ನನ್ನ ಪರವಾದ ಸಾಕ್ಷಿ ಇದೆ. ಮರಗಳೇ ಇಲ್ಲದ ಈ ಬೋಳು ದ್ವೀಪದಲ್ಲಿ ಜನ ಹಿಂದೆ ಒಣಗಿದ ಕೊಂಬೆಗಳನ್ನು ಪೊದೆಯಂತೆ ನೆಟ್ಟು, ಒಂದು ಕಡೆ ಬಲೆ ಕಟ್ಟಿ, ದಣಿದು ಇಳಿದ ಥ್ರಷ್ ಹಕ್ಕಿಗಳನ್ನು ಅದರೊಳಗೆ ಓಡಿಸಿ ಹಿಡಿಯುತ್ತಿದ್ದರು. ಅವು ಹೋಗುತ್ತಿದ್ದದ್ದು ಸೂಪಿಗೆ. 1910ರಲ್ಲಿ ವೀಕ್ಷಣಾಲಯ ಆರಂಭಿಸಿದ ಹ್ಯೂಗೊ ವೈಗೋಲ್ಡ್ ಈ ಉಪಾಯವನ್ನೇ ತೆಗೆದುಕೊಂಡು, ಗಿಡಗಳ ಮೇಲೆ ತಂತಿಜಾಲ ಹೊದಿಸಿದ ದೊಡ್ಡ ಆಲಿಕೆ ಮಾಡಿದ. ಬಾಯಿ ಅಗಲ, ಒಳಗೆ ಹೋದಂತೆ ಕಿರಿದು, ಕೊನೆಯಲ್ಲಿ ಗಾಜಿನ ಕಿಟಕಿಯಿರುವ ಪೆಟ್ಟಿಗೆ. ಹಿಂದಿನಿಂದ ಜನ ನಿಧಾನವಾಗಿ ನಡೆದು ಬಂದರೆ ಹಕ್ಕಿ ಬೆಳಕಿನ ಕಡೆ ಸರಿದು ಪೆಟ್ಟಿಗೆ ಸೇರುತ್ತದೆ. ಇಂದು ಜಗತ್ತಿನಲ್ಲಿ ಎಲ್ಲೇ ಈ ಬಲೆ ಇದ್ದರೂ ಅದರ ಹೆಸರು ಹೆಲ್ಗೋಲಾಂಡ್ ಬಲೆ. ಈ ಜಾಣ್ಮೆ ಹುಟ್ಟಿದ್ದು ಅಪರೂಪದ ಹಕ್ಕಿಗಾಗಿ ಅಲ್ಲ, ಹಿಂಡುಹಿಂಡಾಗಿ ಬರುವ ಹಕ್ಕಿಗಾಗಿ.

ಆಮೇಲೆ ಎರಡನೆಯ ಮಹಾಯುದ್ಧ ಬಂತು, ಬಾಂಬು ಬಿತ್ತು. ಅದು ಸಾಲದೆಂದು 1947ರ ಏಪ್ರಿಲ್ 18ರಂದು ಬ್ರಿಟಿಷರು ಇಲ್ಲಿನ ಕೋಟೆಗಳನ್ನು ಉಡಾಯಿಸಲು ಸಾವಿರಾರು ಟನ್ ಸ್ಫೋಟಕ ಸಿಡಿಸಿದರು. 1952ರಲ್ಲಿ ದ್ವೀಪ ಜರ್ಮನಿಗೆ ಮರಳಿದ ಮೇಲೆ ತೋಟವನ್ನು ಮತ್ತೆ ಎಬ್ಬಿಸಿ, 1960ರಿಂದ ಒಂದೇ ಕ್ರಮದಲ್ಲಿ, ದಿನಕ್ಕೆ ಹಲವು ಸುತ್ತು ಹಕ್ಕಿ ಹಿಡಿಯುತ್ತ ಬಂದಿದ್ದಾರೆ. ವಾತಾವರಣ ಬಿಸಿಯಾದಂತೆ ವಸಂತದ ವಲಸೆ ಮುಂಚೆಯೇ ಆಗುತ್ತಿದೆ ಎಂದು ಹೇಳಲು ಸಾಧ್ಯವಾದದ್ದು ಈ ಬೇಸರದ, ಬಿಡುವಿಲ್ಲದ, ಯಾರೂ ಚಪ್ಪಾಳೆ ತಟ್ಟದ ಸಾಲುಗಳಿಂದ. ಬ್ಲ್ಯಾಕ್‌ಬರ್ಡ್, ಬ್ಲ್ಯಾಕ್‌ಬರ್ಡ್, ರಾಬಿನ್, ಬ್ಲ್ಯಾಕ್‌ಬರ್ಡ್. ಆ ದಾಖಲೆ ಪುಸ್ತಕವನ್ನು ನನಗೆ ಕೊಟ್ಟು ಒಂದು ಕೋಣೆಯಲ್ಲಿ ಕೂಡಿಹಾಕಿದರೂ ಸಂತೋಷವೇ.

‘ಸಾರ್, ಅಪರೂಪದ ಹಕ್ಕಿಗಳಿಗೂ ಅರ್ಥವಿದೆ’ ಎಂದು ಬರೆಯಲು ಬೆರಳು ಮಸೆಯುತ್ತಿರುವವರಿಗೆ: ಇದೆ, ಗೊತ್ತು. ರಿಚರ್ಡ್ಸ್ ಪಿಪಿಟ್ ಎಂಬ ಸೈಬೀರಿಯಾದ ಹಕ್ಕಿಯನ್ನು ಯುರೋಪಿನಲ್ಲಿ ದಾರಿ ತಪ್ಪಿದ ಅತಿಥಿ ಎಂದೇ ಎಣಿಸುತ್ತಿದ್ದರು. ಅವು ದಾರಿ ತಪ್ಪಿಲ್ಲ, ಫ್ರಾನ್ಸಿನ ದಕ್ಷಿಣಕ್ಕೆ ವರ್ಷವರ್ಷವೂ ಚಳಿಗಾಲ ಕಳೆಯಲು ಬರುತ್ತಿವೆ, ಹೊಸ ವಲಸೆ ಮಾರ್ಗವೇ ಹುಟ್ಟಿಕೊಂಡಿದೆ ಎಂದು 2021ರಲ್ಲಿ ತೋರಿಸಿದರು. ಒಳ್ಳೆಯ ಮಾತು. ಅದು ಹೇಗೆ ತಿಳಿಯಿತು? ಹಿಡಿದು, ಗುರುತು ಹಾಕಿ, ಬೆನ್ನಿಗೆ ಪುಟ್ಟ ಯಂತ್ರ ಕಟ್ಟಿ, ಮರುವರ್ಷ ಅದೇ ಹಕ್ಕಿಯನ್ನು ಮತ್ತೆ ಹಿಡಿದು. ಅಂದರೆ ಇವರು ಬಿಟ್ಟು ಓಡಿದ ಆ ಮೇಜಿನ ಮೇಲೆ ನಡೆಯುವಂಥ ಕೆಲಸದಿಂದಲೇ. ಯಂತ್ರಗಳು ಬಂದಿರುವಾಗ ಉಂಗುರವೇಕೆ ಎನ್ನುವವರು ಐದಾರು ಗ್ರಾಂ ತೂಗುವ ಗೋಲ್ಡ್‌ಕ್ರೆಸ್ಟ್ ಬೆನ್ನಿಗೆ ಉಪಗ್ರಹ ಟ್ರಾನ್ಸ್‌ಮಿಟರ್ ಕಟ್ಟಿ ತೋರಿಸಲಿ, ಆಮೇಲೆ ಮಾತನಾಡೋಣ. ಇನ್ನು ಅಪರೂಪದ ಹಕ್ಕಿಗಳನ್ನು ನೋಡಿ ಪಟ್ಟಿ ಬೆಳೆಸುವವರಿಂದ ದ್ವೀಪದ ವಸತಿಗೃಹಗಳು ಅಕ್ಟೋಬರಿನಲ್ಲಿ ತುಂಬುತ್ತವೆ ಎಂಬ ವಾದ. ತುಂಬುತ್ತವೆ. ಪಕ್ಕದ ಕೋಣೆಯವರು ಬೆಳಗಿನ ಜಾವ ನಾಲ್ಕಕ್ಕೆ ಬಾಗಿಲು ಬಡಿದು ಹೋಗುವುದನ್ನು ನಾನೇ ಕೇಳುತ್ತಿದ್ದೇನೆ.

ಗೋಲ್ಡ್‌ಕ್ರೆಸ್ಟ್ ಎಂದಾಗ ನೆನಪಾಯಿತು, ಇಂದಿನ ನಿಜವಾದ ಸಂಕಟ ಅದೇ. ತೋಟದಿಂದ ಇಳಿದು ಬರುವಾಗ ಆ ವಾರ್ಬ್ಲರ್ ಇದ್ದ ಪೊದೆಯ ಹತ್ತಿರ ಹೋಗಬೇಕಾಯಿತು, ದಾರಿ ಇದ್ದದ್ದೇ ಅಲ್ಲಿ. ಜನರ ಗೋಡೆ. ಎಲ್ಲರ ಲೆನ್ಸೂ ಮೇಲಕ್ಕೆ. ಕೆಳಗೆ, ಅವರ ಬೂಟುಗಳ ನಡುವಿನ ಹುಲ್ಲಿನಲ್ಲಿ, ನಾಲ್ಕೈದು ಗೋಲ್ಡ್‌ಕ್ರೆಸ್ಟ್‌ಗಳು ಹುಳ ಹೆಕ್ಕುತ್ತಿದ್ದವು. ನೆತ್ತಿಯ ಹಳದಿ ಗೆರೆ ಬಿಟ್ಟರೆ ಒಂದು ಒಣ ಎಲೆಯಷ್ಟೇ ಇವೆ. ರಾತ್ರಿಯಿಡೀ ಸಮುದ್ರ ದಾಟಿ ಬಂದು, ಎದೆಯ ಗುಳಿಯಲ್ಲಿ ಕೊಬ್ಬಿನ ಹಳದಿ ಒಂದಿಷ್ಟೂ ಉಳಿಯದ ಹಕ್ಕಿಗೆ ಮನುಷ್ಯರ ಭಯವೂ ಇರುವುದಿಲ್ಲ, ತಿನ್ನುವುದೊಂದೇ ಕೆಲಸ. ಒಬ್ಬ ಹಿಂದಕ್ಕೆ ಹೆಜ್ಜೆ ಇಟ್ಟ. ಅವನ ಹಿಮ್ಮಡಿಗೂ ಹಕ್ಕಿಗೂ ನಡುವೆ ಒಂದು ಗೇಣು. ನಾನು ಕೂಗಿದೆ, ಯಾವ ಭಾಷೆಯಲ್ಲಿ ಕೂಗಿದೆನೋ ನನಗೇ ನೆನಪಿಲ್ಲ, ಬಹುಶಃ ಕನ್ನಡದಲ್ಲೇ. ಇಡೀ ಗುಂಪು ತಿರುಗಿ ನೋಡಿತು. ವಾರ್ಬ್ಲರ್ ಹಾರಿಹೋಯಿತು. ಅವರ ಬೈಗುಳ ನನಗೆ ಚೆನ್ನಾಗಿಯೇ ಅರ್ಥವಾಯಿತು.

ಕೊನೆಗೊಂದು ಕೆಲಸದ ಮಾತು. ಸಣ್ಣ ಹಕ್ಕಿಗಳಿಗೆ ತೊಡಿಸಿದ ಉಂಗುರಗಳಲ್ಲಿ ನೂರಕ್ಕೆ ಒಂದು ಕೂಡ ಬೇರೆಡೆಯಿಂದ ವರದಿಯಾಗುವುದಿಲ್ಲ. ಆದ್ದರಿಂದ ನೀವು ಎಲ್ಲೇ ಇರಿ, ಸತ್ತ ಹಕ್ಕಿಯ ಕಾಲಲ್ಲಿ ಉಂಗುರ ಕಂಡರೆ ಅದರ ಮೇಲಿನ ಅಕ್ಷರ, ಸಂಖ್ಯೆ, ದಿನಾಂಕ, ಜಾಗ ಬರೆದು, ಉಂಗುರದ ಫೋಟೊದೊಂದಿಗೆ ಅದರ ಮೇಲಿರುವ ವಿಳಾಸದ ಸಂಸ್ಥೆಗೆ ತಿಳಿಸಿ. ಇಲ್ಲಿನವುಗಳ ಮೇಲೆ ‘ಫೋಗೆಲ್‌ವಾರ್ಟೆ ಹೆಲ್ಗೋಲಾಂಡ್ ಜರ್ಮಾನಿಯಾ’ ಎಂದಿರುತ್ತದೆ. ಹಕ್ಕಿ ಯಾವುದೆಂದು ಗುರುತಿಸಲು ಬಾರದಿದ್ದರೂ ಚಿಂತೆಯಿಲ್ಲ, ಸಂಖ್ಯೆ ಸರಿಯಾಗಿರಲಿ. 3 ಮತ್ತು 8 ಗೊಂದಲವಾದರೆ ನನಗೆ ಕಳಿಸಿ, ಭೂತಗನ್ನಡಿ ಹಿಡಿದು ನೋಡಿಕೊಡುತ್ತೇನೆ; ಮೂವತ್ತು ವರ್ಷ ಸಂಬಳ ತೆಗೆದುಕೊಂಡದ್ದೇ ಅದಕ್ಕೆ.